ಕ್ರಿಸ್ಮಸ್ ತಾತನ ಐದು ಅಕ್ಷರ

ಗೋದಾವರಿಗೆ ಇಬ್ಬರು ತಾಯಂದಿರು ಎಂದು ಕಾಲನಿಯ ಹೆಂಗಸರು ನಗುತ್ತಾ ಹೇಳುತ್ತಿದ್ದರು. ಹೇಳುವವರಿಗೆ ಅದು ಬರೀ ತಮಾಷೆ. ಮಂದಾಕಿನಿಗೆ ಮಾತ್ರ ಅದು ಊಟದ ನಡುವೆ ಹಲ್ಲಿಗೆ ಸಿಕ್ಕ ಕಲ್ಲಿನಂತೆ ಆಗುತ್ತಿತ್ತು.

ಉಪ್ಪಲ್‌ನ ಆಚೆ, ಕೇಂದ್ರ ಸರ್ಕಾರದ ಕಾರ್ಖಾನೆಯೊಂದರ ಕಾಲನಿ ಅದು. ಸಾವಿರದ ಒಂಬೈನೂರ ಎಂಬತ್ತಾರನೆಯ ಇಸವಿ. ಮಂದಾಕಿನಿಯ ಗಂಡ ಗುರುರಾಜ ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಅಧಿಕಾರಿ. ನಾರಾಯಣಗೂಡದಲ್ಲಿ ಮೂರು ತಲೆಮಾರಿನಿಂದ ನೆಲೆಸಿದ, ನಿಜಾಮರ ಕಾಲದಿಂದ ಸರ್ಕಾರಿ ನೌಕರಿಯಲ್ಲೇ ಇದ್ದ ಮನೆತನ. ಮಂದಾಕಿನಿ ಕಾಲನಿಯ ಶಾಲೆಯಲ್ಲಿ ಮೂರನೇ ತರಗತಿಗೆ ಟೀಚರು. ಮಗಳೂ ಅದೇ ತರಗತಿಯಲ್ಲಿ. ಚಿಕ್ಕ ಮಕ್ಕಳಿಗೆ ಮಧ್ಯಾಹ್ನ ಹನ್ನೆರಡೂವರೆಗೆ ಶಾಲೆ ಬಿಡುತ್ತಿತ್ತು. ಟೀಚರುಗಳಿಗೆ ನಾಲ್ಕು ಗಂಟೆ ತನಕ ಬಿಡುಗಡೆಯಿಲ್ಲ. ಆದ್ದರಿಂದ ಗೋದಾವರಿ ಮೂರು ವರ್ಷದವಳಿದ್ದಾಗಿನಿಂದಲೂ ಮಧ್ಯಾಹ್ನಗಳನ್ನು ಕೆಳಗಿನ ಮನೆಯ ಶಿವದೇವಿಯ ಹತ್ತಿರ ಕಳೆಯುತ್ತಿದ್ದಳು. ಹಾಗೆ ಬಿಡುತ್ತೇನೆಂದು ಕೇಳಿಕೊಂಡವಳು ಮಂದಾಕಿನಿಯೇ.

ಶಿವದೇವಿಗೂ ಅವಳ ಗಂಡ ಬಸವಲಿಂಗಪ್ಪನಿಗೂ ಮಕ್ಕಳಿರಲಿಲ್ಲ. ಬಸವಲಿಂಗಪ್ಪ ಯಲಬುರ್ಗಿ ಕಡೆಯವನು, ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುವ ಟರ್ನರ್. ನಲವತ್ತರೊಳಗೇ ಅವನ ಗಡ್ಡ ಬೆಳ್ಳಗಾಗಿತ್ತು. ದೊಡ್ಡ ಹೊಟ್ಟೆ, ನಕ್ಕರೆ ಮೂರು ಮನೆಗೆ ಕೇಳುವ ಧ್ವನಿ. ಕಾರ್ಖಾನೆಯ ಕ್ಲಬ್ಬಿನವರು ಮಕ್ಕಳಿಗಾಗಿ ಪ್ರತಿ ವರ್ಷ ಮಾಡುವ ಕ್ರಿಸ್ಮಸ್ ಪಾರ್ಟಿಗೆ ಹತ್ತು ವರ್ಷದ ಹಿಂದೆ ಅವನನ್ನೇ ತಾತನ ವೇಷಕ್ಕೆ ಹಿಡಿದರು. ಹತ್ತಿ ಅಂಟಿಸುವ ಗೋಜಿಲ್ಲ ಎಂಬುದು ಮೊದಲ ಕಾರಣ. ಅಂದಿನಿಂದ ಅವನು ಗಡ್ಡಕ್ಕೆ ಕತ್ತರಿ ಮುಟ್ಟಿಸಿರಲಿಲ್ಲ. ಕೆಂಪು ಅಂಗಿಯನ್ನು ಶಿವದೇವಿ ಹೊಲಿದಿದ್ದಳು. ತೆಲುಗು ಮಕ್ಕಳು, ಕನ್ನಡ ಮಕ್ಕಳು, ಉರ್ದು ಮಾತಾಡುವವರು, ಎಲ್ಲರಿಗೂ ಅವನು ಕ್ರಿಸ್ಮಸ್ ತಾತ. ಗೋದಾವರಿಗೆ ಮಾತ್ರ ಅವನು ಮುತ್ಯಾ, ಅವರ ಕಡೆಯ ಮಾತಿನಲ್ಲಿ ಅಜ್ಜ. ಶಿವದೇವಿ ಆಯಿ.

ಆ ನವೆಂಬರಿನಲ್ಲಿ ಮಂದಾಕಿನಿ ತರಗತಿಗೆ ‘ನನ್ನ ತಾಯಿ’ ಎಂದು ಹತ್ತು ವಾಕ್ಯ ಬರೆಯಲು ಕೊಟ್ಟಳು. ಸ್ಟಾಫ್ ರೂಮಿನಲ್ಲಿ ಪಕ್ಕದ ಟೀಚರು ಶೋಭಾ ಕಟ್ಟಿನ ಮೇಲಿದ್ದ ಗೋದಾವರಿಯ ನೋಟುಬುಕ್ಕು ಎತ್ತಿಕೊಂಡು ಕಣ್ಣಾಡಿಸಿ, ನಕ್ಕು, ಎಲ್ಲರಿಗೂ ಕೇಳುವಂತೆ ಓದಿದಳು. ನನ್ನ ಅಮ್ಮ ಟೀಚರು. ನನ್ನ ಅಮ್ಮನಿಗೆ ಸಿಟ್ಟು ಬರುತ್ತದೆ. ನಾನು ದೊಡ್ಡವಳಾದ ಮೇಲೆ ಆಯಿಯ ಮನೆಯಲ್ಲಿ ಇರುತ್ತೇನೆ.

“ನಿಮ್ಮ ಮಗಳು ಹುಷಾರ್ ಇದ್ದಾಳ ಬಿಡ್ರಿ ಮಂದಾಕಿನಿ, ಈಗಿಂದನ ಮನಿ ನೋಡಿ ಇಟ್ಕೊಂಡಾಳ” ಎಂದಳು ಶೋಭಾ. ಎಲ್ಲರೂ ನಕ್ಕರು. ಮಂದಾಕಿನಿಯೂ ನಕ್ಕಳು. ನೋಟುಬುಕ್ಕನ್ನು ಇಸಿದುಕೊಂಡು, ಕಾಗುಣಿತದ ತಪ್ಪುಗಳಿಗೆ ಕೆಂಪು ಗೀಟು ಹಾಕಿ, ಹತ್ತಕ್ಕೆ ನಾಲ್ಕು ಅಂಕ ಕೊಟ್ಟಳು.

ಅವಳ ಚೀಲದಲ್ಲಿ ಒಂದು ಹಳದಿ ಕರಪತ್ರವಿತ್ತು. ಹಿಂದಿನ ಭಾನುವಾರ ತವರಿಗೆ ಹೋಗಿ ಬರುವಾಗ ಅಮೀರ್‌ಪೇಟ್‌ನ ಬಸ್ ನಿಲ್ದಾಣದಲ್ಲಿ ಯಾರೋ ಒಬ್ಬ ಮನುಷ್ಯ ಸಿಕ್ಕಸಿಕ್ಕವರ ಕೈಗೆ ತುರುಕುತ್ತಿದ್ದ. ಹಬ್ಬಗಳಲ್ಲಿ ಬರುವ ವೇಷಗಳ ಹೆಸರಿನೊಳಗೆ ದುಷ್ಟಶಕ್ತಿ ಅಡಗಿದೆ, ಅಕ್ಷರ ಸರಿಸಿ ನೋಡಿ, ನಿಜರೂಪ ಕಾಣುತ್ತದೆ ಎಂದು ತೆಲುಗಿನಲ್ಲಿ ಅಚ್ಚಾಗಿತ್ತು. ಬಸ್ಸಿನಲ್ಲಿ ಓದಿ ಮಂದಾಕಿನಿ ತನ್ನಷ್ಟಕ್ಕೆ ನಕ್ಕಿದ್ದಳು. ಅವಳು ಎಂ.ಎ. ಮಾಡಿದವಳು. ಅಂಥದ್ದನ್ನೆಲ್ಲ ನಂಬುವವಳಲ್ಲ.

ಆ ಸಂಜೆ ಮಗಳು ಊಟಕ್ಕೆ ಕೂತು, “ಆಯಿ ಮಾಡಿದ ಝುಣಕ ಇದಕ್ಕಿಂತ ಛಲೋ ಇರ್ತದ” ಎಂದಾಗ, ಮಂದಾಕಿನಿ ತಟ್ಟೆ ಸರಿಸಿ, ಪೆನ್ಸಿಲ್ ತೆಗೆದುಕೊಂಡಳು.

“ಬಾ ಇಲ್ಲೆ. ಸಾಂತಾ ಅಂತ ಇಂಗ್ಲಿಷಿನ್ಯಾಗ ಬರಿ ನೋಡೋಣ.”

ಗೋದಾವರಿ ನಾಲಗೆ ಕಚ್ಚಿಕೊಂಡು ಬರೆದಳು. ಎಸ್, ಎ, ಎನ್, ಟಿ, ಎ.

“ನಡುವಿನ ಎನ್ ತಗದು ಕಡೀಕ ಇಡು. ಈಗ ಓದು.”

ಹುಡುಗಿ ಬೆರಳಿಟ್ಟು ಓದಿದಳು. ಪದ ಬಾಯಿಗೆ ಬಂದಿತು, ಅರ್ಥ ಬರಲಿಲ್ಲ. ಮಂದಾಕಿನಿ ಅರ್ಥ ಹೇಳಿದಳು. ಸೈತಾನ ಎಂದರೆ ಯಾರು, ಏನು ಮಾಡುತ್ತಾನೆ, ಮಕ್ಕಳಿಗೆ ಮೊದಲು ಸಿಹಿ ಕೊಟ್ಟು, ತೊಡೆಯ ಮೇಲೆ ಕೂಡಿಸಿಕೊಂಡು, ಆಮೇಲೆ ಹೇಗೆ ತಂದೆತಾಯಿಗಳಿಂದ ಬಿಡಿಸಿಕೊಂಡು ಹೋಗುತ್ತಾನೆ ಎಂಬುದನ್ನು ಪಾಠ ಹೇಳುವಷ್ಟೇ ಶಾಂತವಾಗಿ ಹೇಳಿದಳು. ಅವನು ಹೆಸರು ಬದಲಿಸುತ್ತಾನೆ, ಮುಖ ಬದಲಿಸುತ್ತಾನೆ, ಸುಳ್ಳು ಹೇಳುತ್ತಾನೆ. ನೋಡಿದರೆ ಗೊತ್ತಾಗುವುದಿಲ್ಲ.

“ಪ್ರತಿವರ್ಷ ಆ ವೇಷ ಹಾಕ್ಕೊಳ್ಳೋರು ಯಾರು?” ಎಂದು ಕೇಳಿದಳು ಕೊನೆಗೆ.

“ಮುತ್ಯಾ” ಎಂದಿತು ಮಗು.

“ಹಂಗಾರ ಇನ್ನ ನೀನ ವಿಚಾರ ಮಾಡು.”

ಆ ರಾತ್ರಿ ಗೋದಾವರಿ ತಾಯಿಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮಲಗಿದಳು. ಐದು ವರ್ಷದಲ್ಲಿ ಮಗಳು ಹಾಗೆ ಅಂಟಿಕೊಂಡು ಮಲಗಿದ್ದು ಅದೇ ಮೊದಲು. ಅವಳ ಎದೆ ಹಕ್ಕಿಯ ಎದೆಯಂತೆ ಹೊಡೆದುಕೊಳ್ಳುತ್ತಿದ್ದುದು ಮಂದಾಕಿನಿಯ ಪಕ್ಕೆಗೆ ತಾಗುತ್ತಿತ್ತು. ಪಾಪ ಅನ್ನಿಸಿತು. ಹಿತವೂ ಅನ್ನಿಸಿತು.

ಮರುದಿನ ಶಾಲೆ ಬಿಟ್ಟ ಮೇಲೆ ಗೋದಾವರಿ ಕೆಳಗಿನ ಮನೆಗೆ ಹೋಗಲಿಲ್ಲ. ಸ್ಟಾಫ್ ರೂಮಿನ ಮೂಲೆಯಲ್ಲಿ ನಾಲ್ಕು ಗಂಟೆ ತನಕ ಕೂತಳು. ಮಂದಾಕಿನಿ ಬಿಸ್ಕತ್ತು ಕೊಡಿಸಿದಳು. ಕೈ ಹಿಡಿದುಕೊಂಡು ಮನೆಗೆ ಬಂದಳು. ಶಿವದೇವಿ ಬಾಗಿಲಲ್ಲಿ ನಿಂತಿದ್ದವಳು, “ಯಾಕವ್ವಾ ನನ್ನ ಬಂಗಾರ, ಊಟಕ್ಕ ಬರಲಿಲ್ಲಲ್ಲ?” ಎಂದರೆ ಹುಡುಗಿ ತಾಯಿಯ ಹಿಂದೆ ಅಡಗಿದಳು. “ಪರೀಕ್ಷೆ ಬಂದ್ವಲ್ಲಾ, ಅಭ್ಯಾಸ ಅದ” ಎಂದು ಮಂದಾಕಿನಿ ಮೆಟ್ಟಿಲು ಹತ್ತಿದಳು. ಬೆನ್ನಿಗೆ ಶಿವದೇವಿಯ ಕಣ್ಣು ನೆಟ್ಟಿರುವುದು ಅವಳಿಗೆ ಗೊತ್ತಾಯಿತು. ಆ ಸುಖವನ್ನು ಅವಳು ಬೇಗ ಮುಗಿಸದೆ ನಿಧಾನವಾಗಿ ಹತ್ತಿದಳು.

ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತೋ ಏನೋ. ಆದರೆ ಮಗು ತನ್ನ ಭಯವನ್ನು ಒಂಟಿಯಾಗಿ ಹೊರಲಾರದೆ ಬೆಂಚಿನ ಗೆಳತಿಗೆ ಹೇಳಿತು. ಗೆಳತಿ ಅಣ್ಣನಿಗೆ ಹೇಳಿದಳು. ಒಂದು ವಾರದಲ್ಲಿ ಕಾಲನಿಯ ನೀರಿನ ಟ್ಯಾಂಕಿನ ಮೇಲೆ, ಸೈಕಲ್ ಸ್ಟ್ಯಾಂಡಿನ ಗೋಡೆಯ ಮೇಲೆ, ಬಸವಲಿಂಗಪ್ಪನ ಮನೆಯ ಎದುರಿನ ಸಿಮೆಂಟಿನ ಮೇಲೆ ಸೀಮೆಸುಣ್ಣದಲ್ಲಿ ಆ ಐದು ಅಕ್ಷರ ಎರಡೆರಡು ಸಲ ಬಂದವು, ಮೊದಲು ಒಂದು ರೀತಿ, ಕೆಳಗೆ ಇನ್ನೊಂದು ರೀತಿ.

ಬಸವಲಿಂಗಪ್ಪನಿಗೆ ಮೊದಲು ನಗು ಬಂತು. ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿ, “ಏ ಹುಚ್ಚಪ್ಪಗಳಿರಾ, ಅದನ್ನ ಕನ್ನಡದಾಗ ಬರೀರಿ, ಏನಾಕ್ಕೈತಿ ನೋಡ್ರಿ. ಸಂತ ಆಕ್ಕೈತಿ! ಸಂತ ಅಂದ್ರ ಯಾರು? ಶರಣ, ದೇವರ ಮನಶ್ಯಾ!” ಎಂದ. ಮಕ್ಕಳು ಹಿಂದೆ ಸರಿದರು. ದೂರ ಹೋದ ಮೇಲೆ ಒಬ್ಬ ಕಲ್ಲು ತೂರಿದ. ಅದು ಸೈಕಲ್ಲಿನ ಚಕ್ರಕ್ಕೆ ಬಡಿದು ಟಣ್ ಎಂದಿತು. ಆ ಶಬ್ದ ಮಕ್ಕಳಿಗೆ ಬಹಳ ಹಿಡಿಸಿತು. ಅಂದಿನಿಂದ ಅವನು ಕಾರ್ಖಾನೆಯಿಂದ ಬರುವ ಹೊತ್ತು ಅವರಿಗೆ ಆಟದ ಹೊತ್ತಾಯಿತು.

ಒಂದು ಸಂಜೆ ಶಿವದೇವಿ ಮೇಲೆ ಬಂದಳು. ಮಂದಾಕಿನಿ ಹಾಲು ಕಾಸುತ್ತಿದ್ದಳು. ಒಳಗೆ ಕರೆಯಲಿಲ್ಲ.

“ಅಕ್ಕಾರ, ನಿಮ್ಮ ಮಾತು ಮಕ್ಕಳು ಕೇಳತಾವ” ಎಂದಳು ಶಿವದೇವಿ ಹೊಸ್ತಿಲಾಚೆ ನಿಂತು. “ಸಾಲ್ಯಾಗ ಒಂದು ಮಾತು ಹೇಳ್ರಿ. ಅದೆಲ್ಲಾ ಸುಳ್ಳೈತಿ ಅಂತ. ಇವರು ಮನ್ಯಾಗ ಉಣ್ಣವಲ್ರು. ಮಾತಾಡವಲ್ರು. ಗೋದೂಗರೆ ಹೇಳ್ರಿ. ಆಕಿ ಒಬ್ಬಾಕಿ ಬಂದ್ರ ಸಾಕು ನಮಗ.”

ಕೊನೆಯ ಮಾತು ಅವಳು ಆಡಬಾರದಿತ್ತು.

“ಮಕ್ಕಳ ಮಾತು ಶಿವದೇವಿ, ನಾಕು ದಿನಕ್ಕ ಮರೀತಾರ” ಎಂದಳು ಮಂದಾಕಿನಿ. “ನಾ ಹೇಳಿದ್ರ ಇನ್ನೂ ದೊಡ್ಡದು ಆಗ್ತದ.” ಹಾಲು ಉಕ್ಕಿತು. ಅವಳು ಆ ಕಡೆ ತಿರುಗಿದಳು. ಶಿವದೇವಿ ಇಳಿದು ಹೋದಳು.

ಡಿಸೆಂಬರಿನ ಎರಡನೇ ವಾರ ಕಾಲನಿಯಲ್ಲಿ ಕಾಮಾಲೆ ಬಂತು. ನೀರಿನ ಪೈಪು ಎಲ್ಲೋ ಒಡೆದು ಗಟಾರದ ನೀರು ಸೇರಿದೆ ಎಂದು ಆಮೇಲೆ ಗೊತ್ತಾಯಿತು. ಅದಕ್ಕೂ ಮೊದಲೇ ಒಬ್ಬ ಫೋರ್‌ಮನ್‌ನ ಮಗ ಆಸ್ಪತ್ರೆ ಸೇರಿದ್ದ. ಹುಡುಗ ಜ್ವರದಲ್ಲಿ, ತಾತ ಚಾಕಲೇಟು ಕೊಟ್ಟ ಎಂದು ಬಡಬಡಿಸಿದನಂತೆ. ಕೊಟ್ಟಿದ್ದು ನಿಜ. ಬಸವಲಿಂಗಪ್ಪನ ಜೇಬಿನಲ್ಲಿ ಯಾವಾಗಲೂ ಚಾಕಲೇಟು ಇರುತ್ತಿದ್ದವು. ರೇಷನ್ ಅಂಗಡಿಯಲ್ಲಿ ಅಕ್ಕಿ, ಸಕ್ಕರೆಗೆ ನಿಂತ ಸಾಲಿನಲ್ಲಿ, ಎಲ್ಲರೆದುರಿಗೆ, ಆ ಫೋರ್‌ಮನ್ ಬಸವಲಿಂಗಪ್ಪನ ಗಡ್ಡ ಹಿಡಿದು ಜಗ್ಗಿದ. “ಮಾ ಪಿಲ್ಲಾಡಿಕಿ ಏಂ ಪೆಟ್ಟಾವ್ ರಾ?” ನನ್ನ ಮಗನಿಗೆ ಏನು ತಿನ್ನಿಸಿದೆ ಎಂದು ಕೇಳುತ್ತಾ ಎರಡು ಏಟು ಹಾಕಿದ. ಸಾಲಿನಲ್ಲಿದ್ದ ಯಾರೂ ಬಿಡಿಸಲಿಲ್ಲ. ಚೀಲ ಹಿಡಿದು ನಿಂತಿದ್ದ ಮಂದಾಕಿನಿ ತನ್ನ ಸರದಿ ತಪ್ಪಬಾರದೆಂದು ಒಂದು ಹೆಜ್ಜೆ ಮುಂದೆ ಸರಿದಳು.

ಮರುದಿನ ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಶಬ್ದವಾಯಿತು. ಗೋದಾವರಿ ಓಡಿ ಹೋಗಿ ತೆಗೆದಳು.

ಬಸವಲಿಂಗಪ್ಪ ನಿಂತಿದ್ದ. ಗಡ್ಡ ಪೂರಾ ಬೋಳಿಸಿದ್ದ. ಹತ್ತು ವರ್ಷ ಬಿಸಿಲು ಕಾಣದ ಗದ್ದ, ಬಿಳಿಚಿಕೊಂಡು, ಬಾತುಕೊಂಡು, ಅಲ್ಲಲ್ಲಿ ಬ್ಲೇಡು ತಾಗಿ ರಕ್ತದ ಚುಕ್ಕೆ. ಬಗ್ಗಿ, ಮಗುವಿನ ಮುಖಕ್ಕೆ ಮುಖ ತಂದು ನಕ್ಕ. “ಗೋದೂ, ನೋಡವ್ವಾ, ತಾತ ಹ್ವಾದ. ಇನ್ನ ಬರೂದಿಲ್ಲ. ಈಗ ನಾ ಬರೇ ಮುತ್ಯಾ.”

ಗೋದಾವರಿ ಹುಟ್ಟಿದಾಗಿನಿಂದ ಆ ಗದ್ದವನ್ನು ಕಂಡವಳಲ್ಲ. ಮುಖ ಬದಲಿಸುತ್ತಾನೆ ಎಂದು ಅಮ್ಮ ಹೇಳಿದ್ದಳು, ಈಗ ಕಣ್ಣೆದುರು ಬದಲಿಸಿಕೊಂಡು ಬಂದಿತ್ತು. ಮುತ್ಯಾನ ಧ್ವನಿಯನ್ನೂ ಕದ್ದು ತಂದಿತ್ತು. ಹುಡುಗಿ ಕಿರುಚಿದ ಕಿರುಚಿಗೆ ಮೂರು ಬ್ಲಾಕಿನವರು ಹೊರಗೆ ಬಂದರು. ಅವಳು ನಿಂತಲ್ಲೇ ಒದ್ದೆ ಮಾಡಿಕೊಂಡು, ಗೋಡೆಗೆ ಹಾಯ್ದು, ಮಂಚದ ಕೆಳಗೆ ತೂರಿ, ಅಲ್ಲಿಂದಲೂ ಕಿರುಚಿದಳು. ಬಸವಲಿಂಗಪ್ಪ ಒಳಗೆ ಹೆಜ್ಜೆ ಇಟ್ಟ. ಹೆದರಿದ ಮಗುವನ್ನು ಎತ್ತಿಕೊಳ್ಳುವುದೊಂದೇ ಅವನಿಗೆ ಗೊತ್ತಿದ್ದ ಉಪಾಯ. ಗುರುರಾಜ ಎದೆಗೆ ಕೈ ಕೊಟ್ಟು ಅವನನ್ನು ಹೊರಗೆ ನೂಕಿದ.

“ಹೋಗಪಾ, ದಯಮಾಡಿ ಹೋಗು” ಎಂದ.

ಬಸವಲಿಂಗಪ್ಪ ಮಂದಾಕಿನಿಯ ಕಡೆ ನೋಡಿದ. ಅವಳೇ ಹೇಳಿಕೊಟ್ಟದ್ದೆಂದು ಅವನಿಗೆ ಗೊತ್ತಿರಲಿಲ್ಲ. ಟೀಚರು, ಓದಿದವರು, ಏನಾದರೂ ತಿಳಿಸಿ ಹೇಳಿಯಾರು ಎಂಬ ಆಸೆಯಿಂದಷ್ಟೇ ನೋಡಿದ. ಮಂದಾಕಿನಿ ಮಂಚದ ಕೆಳಗೆ ಬಗ್ಗಿ ಮಗಳನ್ನು ಕರೆಯತೊಡಗಿದಳು.

ಆ ವರ್ಷ ಪಾರ್ಟಿ ನಡೆಯಲಿಲ್ಲ. ಕಾಮಾಲೆಯ ಕಾರಣ ಎಂದು ಕ್ಲಬ್ಬಿನವರು ನೋಟೀಸು ಹಾಕಿದರು. ಫೋರ್‌ಮನ್‌ನ ಮಗ ಗುಣವಾಗಿ ಮನೆಗೆ ಬಂದ. ಹೊಡೆದದ್ದಕ್ಕೆ ಯಾರೂ ತಪ್ಪಾಯಿತು ಎನ್ನಲಿಲ್ಲ.

ಹೊಸ ವರ್ಷ ಬಂದಿತು. ಮಕ್ಕಳಿಗೆ ಬಸವಲಿಂಗಪ್ಪ ಹಳೆಯದಾದ. ಆಟ ಮಾತ್ರ ಹಳೆಯದಾಗಲಿಲ್ಲ. ಪ್ರತಿಯೊಬ್ಬರ ಹೆಸರನ್ನೂ ಇಂಗ್ಲಿಷಿನಲ್ಲಿ ಬರೆದು, ಅಕ್ಷರ ಸರಿಸಿ, ಒರೆಸಿ, ಒಳಗೆ ಯಾರು ಕೂತಿದ್ದಾರೆಂದು ಹುಡುಕುವುದು ಶಾಲೆಯ ತುಂಬ ಹಬ್ಬಿತ್ತು. ಜನವರಿಯ ಒಂದು ಸೋಮವಾರ ಮಂದಾಕಿನಿ ತರಗತಿಯೊಳಗೆ ಕಾಲಿಟ್ಟಾಗ ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದರು. ಕರಿಹಲಗೆಯ ಮೇಲೆ ಇಂಗ್ಲಿಷಿನಲ್ಲಿ ಅವಳ ಹೆಸರಿತ್ತು. ಮೊದಲ ಮೂರು ಅಕ್ಷರಗಳನ್ನು ಯಾರೋ ಅಂಗೈಯಿಂದ ಒರೆಸಿದ್ದರು. ಉಳಿದದ್ದನ್ನು ತೆಲುಗು ಮಕ್ಕಳು ಯಾರಾದರೂ ಸಲೀಸಾಗಿ ಓದಬಹುದಿತ್ತು: ಡಾಕಿನಿ.

ಮಂದಾಕಿನಿ ಹಲಗೆ ಒರೆಸಿದಳು. “ಯಾರು ಬರದವರು?” ಎಂದಳು. ಯಾರೂ ಏಳಲಿಲ್ಲ. ಎರಡನೇ ಬೆಂಚಿನಲ್ಲಿ ಗೋದಾವರಿ ಒರೆಸಿದ ಜಾಗವನ್ನೇ ನೋಡುತ್ತಿದ್ದಳು.

ರಾತ್ರಿ ಊಟದ ಹೊತ್ತಿಗೆ ಅವಳು ತಂದೆಯನ್ನು ಕೇಳಿದಳು, “ಅಪ್ಪಾ, ಡಾಕಿನಿ ಅಂದ್ರೇನು?”

ಗುರುರಾಜನಿಗೆ ಪುರಾಣದ ಪ್ರಶ್ನೆ ಎಂದರೆ ಹುರುಪು. ಮನೆಯಲ್ಲಿ ಏನು ನಡೆದರೂ ಅವನ ಕಿವಿಗೆ ಬೀಳುತ್ತಿದ್ದುದು ಅಂಥದ್ದೇ. “ಪಿಶಾಚಿ, ಹೆಣ್ಣು ಪಿಶಾಚಿ. ಹಸಿ ಮಾಂಸ ತಿಂತಾವ. ಸಣ್ಣ ಕೂಸುಗಳಂದ್ರ ಭಾಳ ಪ್ರೀತಿ ಅವಕ್ಕ” ಎಂದು ಅನ್ನಕ್ಕೆ ಸಾರು ಕಲಸಿದ.

ಗೋದಾವರಿ ತಾಯಿ ಬಡಿಸಿದ ಅನ್ನವನ್ನು ಮುಟ್ಟಲಿಲ್ಲ.

ಮರುದಿನವೂ ಮುಟ್ಟಲಿಲ್ಲ. ನಲ್ಲಿಯ ನೀರು ಕುಡಿದಳು, ತಂದೆ ತಂದ ಬಾಳೆಹಣ್ಣನ್ನು ತಾನೇ ಸುಲಿದು ತಿಂದಳು. ತಾಯಿ ತಲೆ ಬಾಚಲು ಕರೆದರೆ ಬಾಗಿಲ ಹತ್ತಿರ ನಿಂತು, ಓಡಲು ದಾರಿ ನೋಡಿಟ್ಟುಕೊಂಡು, “ಬ್ಯಾಡ” ಎನ್ನುತ್ತಿದ್ದಳು. ಮೂರನೇ ದಿನ ಮಂದಾಕಿನಿಗೆ ತಡೆಯಲಾಗಲಿಲ್ಲ. ಮಗಳ ಎರಡೂ ತೋಳು ಹಿಡಿದುಕೊಂಡಳು.

“ಕೇಳು ಗೋದೂ, ಅದೆಲ್ಲಾ ಸುಳ್ಳು. ಅಕ್ಷರದ ಆಟ ಅಷ್ಟ. ಮುತ್ಯಾನ ಬಗ್ಗೆ ಹೇಳಿದ್ದೂ ಸುಳ್ಳು. ನಾನ ಸುಳ್ಳು ಹೇಳಿದ್ದೆ. ನಿನ್ನಾಣೆ.”

ಹುಡುಗಿಯ ಮಾತು ನಡುಗಲಿಲ್ಲ. “ಸೈತಾನ ಸುಳ್ಳು ಹೇಳ್ತಾನ ಅಂತ ನೀನ ಹೇಳಿದ್ದಿ.”

ಮಂದಾಕಿನಿಯ ಕೈ ಸಡಿಲಾಯಿತು. ಮಗು ತಪ್ಪಿಸಿಕೊಂಡು ಹೋಗಿ ಮಂಚದ ಕೆಳಗೆ ಸೇರಿತು.

ಅವಳು ಆ ಕ್ಷಣವೇ ಕೆಳಗಿಳಿದಳು. ಚಪ್ಪಲಿ ಹಾಕಿಕೊಳ್ಳಲಿಲ್ಲ. ಶಿವದೇವಿಯ ಮನೆಯ ಬಾಗಿಲು ತೆರೆದೇ ಇತ್ತು. ಹಾಲಿನಲ್ಲಿ ಟ್ರಂಕುಗಳು, ಹಗ್ಗ ಬಿಗಿದ ಹಾಸಿಗೆ. ಬಸವಲಿಂಗಪ್ಪ ವರ್ಗ ಕೇಳಿ ಬರೆದುಕೊಟ್ಟಿದ್ದನೆಂದೂ, ಅದು ಸಿಕ್ಕಿದೆಯೆಂದೂ ಅವಳಿಗೆ ಆಗಲೇ ಗೊತ್ತಾದದ್ದು. ಅವನು ಟ್ರಂಕಿನ ಮೇಲೆ ಕೂತಿದ್ದ. ಹೊಟ್ಟೆ ಇಳಿದು ಅಂಗಿ ಜೋಲುತ್ತಿತ್ತು. ಕೆನ್ನೆಯ ಮೇಲೆ ನಾಲ್ಕು ದಿನದ ಬಿಳಿ ಕೂದಲು.

ಮಂದಾಕಿನಿ ಎಲ್ಲವನ್ನೂ ಹೇಳಿದಳು. ಕರಪತ್ರ, ಪೆನ್ಸಿಲ್, ಐದು ಅಕ್ಷರ. ಹೇಳುವಾಗ ಅತ್ತಳು. “ಒಂದ್ಸಲ ಮ್ಯಾಲೆ ಬರ್ರಿ. ನಿಮ್ಮ ಕೈಲೆ ಒಂದು ತುತ್ತು ಉಂಡ್ರ ಆಕಿ ಭಯ ಹೋಗ್ತದ. ನಿಮ್ಮ ಮ್ಯಾಲ ಜೀವ ಇಟ್ಟಿದ್ದಳು ಆಕಿ.”

ಬಸವಲಿಂಗಪ್ಪ ಎದ್ದ. “ನಡೀರಿ ಅಕ್ಕಾರ. ಕೂಸು ಮೂರು ದಿನ ಉಂಡಿಲ್ಲಂದ್ರ...”

“ಕುಂಡ್ರಿ ನೀವು” ಎಂದಳು ಶಿವದೇವಿ.

ಅವನು ಕೂತ. ಶಿವದೇವಿ ಸೆರಗಿಗೆ ಕೈ ಒರೆಸಿಕೊಂಡು ಬಾಗಿಲ ತನಕ ಬಂದಳು. ದನಿ ಎತ್ತಲಿಲ್ಲ.

“ಇವರ ಗಡ್ಡಾ ಹಿಡದು ಜಗ್ಗಿದಾಗ ನೀವು ಅಲ್ಲೇ ಇದ್ರಂತ. ಹೌದಲ್ರಿ?”

ಮಂದಾಕಿನಿ ಸೆರಗಿನಿಂದ ಮುಖ ಒರೆಸಿಕೊಂಡಳು.

“ಆ ಕೂಸು ನನ್ನ ಮಡಿಲಾಗ ಬೆಳದೈತಿ. ಆಕಿ ಉಪವಾಸ ಅದಾಳ ಅಂದ್ರ ನನ್ನ ಹೊಟ್ಟಿ ಉರಿತೈತಿ. ಆದ್ರ ನಾ ಬರೂದಿಲ್ಲ. ನಾ ಬಂದ್ರ ಆಕಿ ಮತ್ತ ನಿಮ್ಮಾಕಿ ಆಕ್ಕಾಳ. ಆಗಬಾರದು ಅಕ್ಕಾರ. ಆಗಬಾರದು.”

ಬಾಗಿಲು ಹಾಕಿಕೊಂಡಳು. ಒಳಗಿನಿಂದ ಬಸವಲಿಂಗಪ್ಪನ ಅಳು ಕೇಳಿಸಿತು. ಅವನು ನಗುತ್ತಿದ್ದಷ್ಟೇ ದೊಡ್ಡದಾಗಿ ಅಳುತ್ತಿದ್ದ. ಎರಡು ದಿನಕ್ಕೆ ಲಾರಿ ಬಂದು ಸಾಮಾನು ಹೇರಿಕೊಂಡು ಹೋಯಿತು.

ಗೋದಾವರಿಯನ್ನು ನಾರಾಯಣಗೂಡಕ್ಕೆ, ಗುರುರಾಜನ ತಾಯಿ ತುಳಸಾಬಾಯಿಯ ಹತ್ತಿರ ಕಳಿಸಬೇಕಾಯಿತು. ಹೋದ ದಿನವೇ ಹುಡುಗಿ ಅಜ್ಜಿಯ ಹೆಸರನ್ನು ನೋಟುಬುಕ್ಕಿನಲ್ಲಿ ಬರೆದು, ಅರ್ಧ ಗಂಟೆ ಅಕ್ಷರ ಹಿಂದೆಮುಂದೆ ಮಾಡಿ, ಏನೂ ಸಿಗದೆ ಆಮೇಲೆ ಊಟಕ್ಕೆ ಕೂತಳು. ಅಲ್ಲಿಯ ಶಾಲೆಗೇ ಸೇರಿಸಿದರು. ತಿಂಗಳೆರಡರಲ್ಲಿ ಮೈ ಕೈ ತುಂಬಿಕೊಂಡಳು. ಮಂದಾಕಿನಿ ಪ್ರತಿ ಭಾನುವಾರ ಬಸ್ಸು ಹಿಡಿದು ಹೋಗುತ್ತಿದ್ದಳು. ಮಗಳು ಕೋಣೆಯ ಆ ತುದಿಗೆ ಕೂತು ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಪರೀಕ್ಷೆ ಚೆನ್ನಾಗಿ ಆಯಿತೇ? ಆಯಿತು. ಹಾಡು ಕಲಿಯುತ್ತಿದ್ದೀಯಾ? ಹೂಂ. ತಾಯಿ ಮಾಡಿ ತಂದ ಉಂಡೆಗಳು ಡಬ್ಬಿಯಲ್ಲೇ ಉಳಿಯುತ್ತಿದ್ದವು.

“ದೊಡ್ಡಾಕಿ ಆದ ಮ್ಯಾಲೆ ತಿಳೀತದ ಬಿಡು” ಎಂದು ತುಳಸಾಬಾಯಿ ಸಮಾಧಾನ ಹೇಳುತ್ತಿದ್ದರು. ಆದರೆ ಮೊಮ್ಮಗಳು ತಮ್ಮ ಬಳಿ ಉಳಿದದ್ದು ಅವರಿಗೆ ಬೇಸರವೇನೂ ಆಗಿರಲಿಲ್ಲ. ಅದು ಅವರ ದನಿಯಲ್ಲಿ ಗೊತ್ತಾಗುತ್ತಿತ್ತು. ಮಂದಾಕಿನಿಗೆ ಅಂಥದ್ದು ಬೇಗ ಗೊತ್ತಾಗುತ್ತಿತ್ತು.

ಮುಂದಿನ ಡಿಸೆಂಬರಿನಲ್ಲಿ ಕ್ಲಬ್ಬಿನವರು ಮತ್ತೆ ಪಾರ್ಟಿ ಇಟ್ಟರು. ಡಿಸ್ಪೆನ್ಸರಿಯ ಕಾಂಪೌಂಡರ್ ವೀರಭದ್ರಪ್ಪ ಹೊಟ್ಟೆಗೆ ದಿಂಬು ಕಟ್ಟಿಕೊಂಡು, ಗದ್ದಕ್ಕೆ ಹತ್ತಿ ಅಂಟಿಸಿಕೊಂಡು ಬಂದ. ಟೀಚರುಗಳಿಗೆ ಮಕ್ಕಳನ್ನು ಸಾಲು ಹಿಡಿಸುವ ಕೆಲಸ. ಸಾಲು ಹಿಡಿಸುವುದೇ ಕಷ್ಟವಾಯಿತು. ಮೊದಲು ನಾನು, ಮೊದಲು ನಾನು ಎಂದು ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ತಾತನ ತೊಡೆ ಹತ್ತುತ್ತಿದ್ದರು. ಕಲ್ಲು ತೂರಿದ ಹುಡುಗ ಎಲ್ಲರಿಗಿಂತ ಮುಂದಿದ್ದ. ಫೋರ್‌ಮನ್ ತನ್ನ ಮಗನನ್ನು ತಾನೇ ಎತ್ತಿ ಕೊಟ್ಟು, ಫೋಟೋ ತೆಗೆಸಿದ.

ಕ್ಲಬ್ಬಿನ ಕಾರ್ಯದರ್ಶಿ ಉಡುಗೊರೆಯ ಪೊಟ್ಟಣ ಹಂಚಲು ಹಳೆಯ ಪಟ್ಟಿಯನ್ನೇ ನೋಡಿ ಹೆಸರು ಕೂಗುತ್ತಿದ್ದ. ಗೋದಾವರಿ ಎಂದ. ಮತ್ತೊಮ್ಮೆ ಕೂಗಿದ. ಗುಂಪಿನಿಂದ ಯಾರೋ, “ಆ ಹುಡುಗಿ ಇಲ್ಲಿಲ್ಲ, ಅವರ ಅಮ್ಮ ಇದ್ದಾರೆ ನೋಡಿ” ಎಂದರು. ಮಂದಾಕಿನಿ ಎಲ್ಲರ ಮುಂದೆ ನಡೆದು ಹೋಗಿ ಎರಡೂ ಕೈ ಚಾಚಿದಳು. ಹತ್ತಿಯ ಗಡ್ಡದೊಳಗಿಂದ ಕಾಂಪೌಂಡರ್, “ಮಗಳು ಆರಾಮ ಅದಾಳೇನ್ರಿ ಟೀಚರ?” ಎಂದು ಕೇಳಿದ. ಆರಾಮಿದ್ದಾಳೆ ಎಂದು ಹೇಳಿ ಅವಳು ಪೊಟ್ಟಣ ತೆಗೆದುಕೊಂಡು ಬಂದು ಗೋಡೆಯ ಪಕ್ಕ ನಿಂತಳು. ಪಕ್ಕದಲ್ಲಿ ಶೋಭಾ ಚಪ್ಪಾಳೆ ತಟ್ಟುತ್ತಿದ್ದಳು. ಮಂದಾಕಿನಿ ಪೊಟ್ಟಣವನ್ನು ಕಂಕುಳಲ್ಲಿ ಇರುಕಿಕೊಂಡು ತಾನೂ ಚಪ್ಪಾಳೆ ತಟ್ಟಿದಳು.